ಹಳದಿ ಗೋಡೆಯ ಮೇಲಿನ ನೆರಳು

ಕೆಲವು ವರ್ಷಗಳ ಹಿಂದೆ ಧಾರವಾಡದಲ್ಲಿ ಗೆಳೆಯರೊಬ್ಬರು ತಾವು ತೆಗೆದ ಫೋಟೋಗಳ ಪ್ರದರ್ಶನ ಇಟ್ಟಿದ್ದರು. ಎಲ್ಲವೂ ಗೋವೆಯವು. ಅದರಲ್ಲೂ ಹೆಚ್ಚಿನವು ಪಣಜಿಯ ಫೊಂತೈನ್ಯಾಸ್ ಎಂಬ ಹಳೆಯ ಬಡಾವಣೆಯವು. ಕೆಂಪು, ನೀಲಿ, ಹಳದಿ ಗೋಡೆಗಳು, ಬಿಳಿ ಅಂಚಿನ ಕಿಟಕಿಗಳು, ಹೆಂಚಿನ ಮಾಡು, ಹೊಸ್ತಿಲ ಮೇಲೆ ಮಲಗಿದ ಬೆಕ್ಕು. ಬಂದವರೆಲ್ಲ ಒಂದು ಫೋಟೋದ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಚೌಕಟ್ಟಿನ ತುಂಬ ಹಳದಿ ಗೋಡೆ. ಬೆಳಗಿನ ಎಳೆ ಬಿಸಿಲು. ಎಡತುದಿಯಲ್ಲಿ ಪೊರಕೆ ಹಿಡಿದ ಒಬ್ಬ ಹೆಂಗಸು, ಮುಖ ಆ ಕಡೆಗೆ ತಿರುಗಿದೆ. ಅವಳಿಗಿಂತ ಎರಡು ಪಟ್ಟು ದೊಡ್ಡದಾದ ಅವಳ ನೆರಳು ಗೋಡೆಯ ಮೇಲೆ ಹಾಸಿಕೊಂಡಿದೆ. ಕೆಳಗಿನ ಚೀಟಿಯಲ್ಲಿ ‘ಹಳದಿ ಗೋಡೆ, ಪಣಜಿ’ ಎಂದಿತ್ತು. ಗೋಡೆಗೆ ಬಣ್ಣ ಇತ್ತು, ಊರಿಗೆ ಹೆಸರಿತ್ತು. ಹೆಂಗಸು ಚೀಟಿಯಲ್ಲಿ ಇರಲೇ ಇಲ್ಲ.

ಈ ಗೆಳೆಯರು ನಮ್ಮವರು. ಜಾತಿಯಿಂದಲ್ಲ, ಚಳವಳಿಯಿಂದ. ಧರಣಿಯಲ್ಲಿ ಕೂತವರು, ರಾತ್ರಿ ಗೋಡೆಗಳಿಗೆ ಪೋಸ್ಟರ್ ಅಂಟಿಸಿದವರು. ಅವರನ್ನು ಮೂದಲಿಸಿ ಒಂದು ಲೇಖನ ಬರೆದು ಕೈತೊಳೆದುಕೊಳ್ಳುವುದು ಸುಲಭ. ನನ್ನ ತೊಂದರೆ ಬೇರೆ. ಆ ಫೋಟೋ ನನಗೂ ಚೆಂದ ಕಂಡಿತು. ಚೆಂದ ಕಂಡದ್ದರಿಂದಲೇ ಮನೆಗೆ ಬಂದ ಮೇಲೂ ಕಾಡಿತು. ಏನು ಚೆಂದ ಕಂಡಿತು ಅಂತ ಯೋಚಿಸಿದರೆ ಬೇರೇನೂ ಅಲ್ಲ, ಆ ನೆರಳು.

ಕನ್ನಡದಲ್ಲಿ ಫೋಟೋ ತೆಗೆಯುವ ಕಲೆಗೆ ಪಂಡಿತರು ಇಟ್ಟ ಹೆಸರು ಛಾಯಾಗ್ರಹಣ. ನೆರಳನ್ನು ಹಿಡಿಯುವುದು. ಈ ಹೆಸರನ್ನು ಕೇಳಿದಾಗ ಯಾರಿಗೂ ಏನೂ ಅನ್ನಿಸುವುದಿಲ್ಲ. ಆದರೆ ನಮ್ಮ ಜನರ ನೆರಳಿಗೆ ಈ ದೇಶದಲ್ಲಿ ಬೇರೆಯೇ ಒಂದು ಚರಿತ್ರೆ ಇದೆ. ಪೇಶ್ವೆಗಳ ಕಾಲದ ಪುಣೆಯಲ್ಲಿ ಮಹಾರರು, ಮಾಂಗರು ಮಧ್ಯಾಹ್ನ ಮೂರರ ನಂತರ ಮತ್ತು ಬೆಳಿಗ್ಗೆ ಒಂಬತ್ತರ ಮೊದಲು ಊರ ಬಾಗಿಲ ಒಳಗೆ ಇರುವಂತಿರಲಿಲ್ಲ ಎಂದು ಜಿ.ಎಸ್. ಘುರ್ಯೆ 1932ರ ತಮ್ಮ ಜಾತಿ ಕುರಿತ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಕಾರಣ ಸರಳ. ಆ ಹೊತ್ತಿನಲ್ಲಿ ಸೂರ್ಯ ಕೆಳಗಿರುತ್ತಾನೆ, ನೆರಳು ಉದ್ದವಾಗುತ್ತದೆ, ಉದ್ದವಾದ ನೆರಳು ದೂರದಲ್ಲಿ ಹೋಗುವ ಬ್ರಾಹ್ಮಣನ ಮೇಲೆ ಬಿದ್ದರೆ ಮೈಲಿಗೆ. ಅಂಬೇಡ್ಕರ್ ಅವರು 1936ರ ‘ಜಾತಿ ವಿನಾಶ’ದಲ್ಲಿ ಸೊಂಟದ ಪೊರಕೆಯನ್ನೂ ಕೊರಳ ಮಡಕೆಯನ್ನೂ ನೆನೆಸುವಾಗ ಇದೇ ನೆರಳಿನ ಮಾತು ಎತ್ತುತ್ತಾರೆ.

ಈಗ ಯಾವುದೇ ಫೋಟೋಗ್ರಾಫರನ್ನು ಕೇಳಿ, ಬೀದಿಯಲ್ಲಿ ತೆಗೆಯಲು ಒಳ್ಳೆಯ ಹೊತ್ತು ಯಾವುದು ಅಂತ. ಬೆಳಿಗ್ಗೆ ಬೇಗ, ಇಲ್ಲವೇ ಸಂಜೆಯ ಮುಂಚೆ. ಸೂರ್ಯ ಕೆಳಗಿರಬೇಕು, ಬೆಳಕು ಓರೆಯಾಗಿ ಬೀಳಬೇಕು, ನೆರಳು ಉದ್ದ ಬರಬೇಕು. ನಡುಮಧ್ಯಾಹ್ನದ ಬಿಸಿಲು ಅವರಿಗೆ ಬೇಡ. ಅದು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ‘ಬಂಗಾರದ ಹೊತ್ತು’ ಎಂದು ಅವರು ಕರೆಯುವ ಸಮಯವೂ, ಪುಣೆಯಲ್ಲಿ ನಮ್ಮನ್ನು ಬೀದಿಯಿಂದ ಹೊರಗಿಟ್ಟಿದ್ದ ಸಮಯವೂ ಹೆಚ್ಚೂಕಮ್ಮಿ ಒಂದೇ. ಇದನ್ನು ಬರೀ ಕಾಕತಾಳೀಯ ಅನ್ನಿ, ನನ್ನ ತಕರಾರಿಲ್ಲ. ಸೂರ್ಯನಿಗೆ ಜಾತಿ ಇಲ್ಲ. ಆದರೆ ಆ ಹೊತ್ತಿನಲ್ಲಿ ಇವತ್ತು ಬೀದಿಯಲ್ಲಿ ಯಾರಿರುತ್ತಾರೆ? ಮನೆಯವರು ಏಳುವ ಮುಂಚೆ ಕಸ ಹೊಡೆದು ಮುಗಿಸಬೇಕಾದವರು ಇರುತ್ತಾರೆ. ಆಗ ಬೀದಿಯಲ್ಲಿ ಇರಬಾರದು ಅಂದಿದ್ದರು, ಈಗ ಆ ಹೊತ್ತಿನಲ್ಲೇ ಇರಬೇಕು ಅನ್ನುತ್ತಾರೆ. ಎರಡೂ ಅವರು ಹಾಕಿಕೊಟ್ಟ ವೇಳಾಪಟ್ಟಿಯೇ. ಗೋಡೆಯ ಮೇಲಿನ ಆ ನೆರಳು ‘ಕಲೆ’ ಆಗುವುದಕ್ಕೆ ಬೆಳಕಿನಷ್ಟೇ ಈ ವೇಳಾಪಟ್ಟಿಯೂ ಬೇಕಾಯಿತು.

ಇನ್ನು ಗೋಡೆಯ ಮಾತಿಗೆ ಬರೋಣ. ಗೋವೆಯನ್ನು ಪೋರ್ಚುಗೀಸರು ಹಿಡಿದದ್ದು 1510ರಲ್ಲಿ, ಬಿಟ್ಟದ್ದು 1961ರಲ್ಲಿ. ಹಳೆಯ ಗೋವೆ ರೋಗರುಜಿನದಿಂದ ಹಾಳಾಗುತ್ತ ಬಂದು, 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಅಲ್ತಿನ್ಯೊ ಗುಡ್ಡದ ಬುಡಕ್ಕೂ ಓರೆಂ ಎಂಬ ಹಳ್ಳಕ್ಕೂ ನಡುವಿನ ಕಿರಿದಾದ ಜಾಗದಲ್ಲಿ ಫೊಂತೈನ್ಯಾಸ್ ಬೆಳೆಯಿತು. ಪೋರ್ಚುಗೀಸರ ಕಾಲದಲ್ಲಿ ಬಿಳಿ ಬಣ್ಣ ಇಗರ್ಜಿಗಳಿಗೆ ಮಾತ್ರ ಮೀಸಲಾಗಿತ್ತು, ಅದಕ್ಕೇ ಮನೆಗಳೆಲ್ಲ ಬಣ್ಣ ಬಣ್ಣ ಅಂತ ಪ್ರವಾಸಿಗಳನ್ನು ಕರೆದೊಯ್ಯುವವರು ಹೇಳುತ್ತಾರೆ. ನಿಜವೋ ಕತೆಯೋ, ಕೇಳಿದವರ ಕಿವಿ ಮಾತ್ರ ನಿಮಿರುತ್ತದೆ. ದೇವರಿಗೊಂದು ಬಣ್ಣ, ಮನುಷ್ಯರಿಗೊಂದು ಬಣ್ಣ. ನಮಗೆ ಇದು ಹೊಸದಾಗಿ ಕೇಳುವ ಕಾನೂನೇನಲ್ಲ. ವರ್ಣ ಅಂದರೆ ಬಣ್ಣ ಅಂತ ಶಾಲೆಯಲ್ಲಿ ಕಲಿತೆವು. ವರ್ಣ ಅಂದರೆ ಇನ್ನೇನು ಅಂತ ಶಾಲೆಯ ಹೊರಗಿನ ನೀರಿನ ಮಡಕೆಯ ಹತ್ತಿರ ಕಲಿತೆವು. ‘ವರ್ಣರಂಜಿತ ನಗರ’ ಎಂದು ಪ್ರವಾಸಿ ಪುರವಣಿಗಳು ಬರೆದಾಗ ನನಗೆ ಒಳಗೊಳಗೇ ನಗು ಬರುತ್ತದೆ.

ಗೋವೆಯಲ್ಲಿ ಜಾತಿ ಇರಲಿಲ್ಲ, ಕ್ರೈಸ್ತರಾದ ಮೇಲೆ ಎಲ್ಲ ಕರಗಿತು ಎಂದು ನಂಬಿದವರು ನಮ್ಮಲ್ಲೂ ಇದ್ದಾರೆ. ಮತ ಬದಲಾಯಿತು, ಜಾತಿ ಅಂಗಿ ಬದಲಾಯಿಸಿತು, ಅಷ್ಟೆ. ಬಾಮಣ, ಚಾರ್ಡೊ, ಶೂದಿರ ಎಂಬ ಭೇದ ಇಗರ್ಜಿಯ ಒಳಗೂ ಉಳಿಯಿತು. ಹಬ್ಬದ ಮೆರವಣಿಗೆಯಲ್ಲಿ ಯಾವ ಸಂಘದವರು ಯಾವ ಬಣ್ಣದ ನಿಲುವಂಗಿ ಹಾಕಬೇಕು ಎಂಬುದರ ಬೆನ್ನಿಗೂ ಇದೇ ಲೆಕ್ಕ ಇತ್ತು. ಅಲ್ಲಿನ ಪರಿಶಿಷ್ಟ ಜಾತಿಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಶೇ. 2ಕ್ಕೂ ಕಡಿಮೆ. ಹಾಗಾದರೆ ಆ ಊರಿನ ಕಸ ಯಾರು ಹೊಡೆಯುತ್ತಾರೆ, ಗಟಾರಕ್ಕೆ ಯಾರು ಇಳಿಯುತ್ತಾರೆ, ಕಲ್ಲುಮಣ್ಣು ಯಾರು ಹೊರುತ್ತಾರೆ? ಹುಬ್ಬಳ್ಳಿಯಿಂದ ಗೋವೆಗೆ ಹೋಗುವ ಬಸ್ಸುಗಳಲ್ಲಿ ಒಂದು ರಾತ್ರಿ ಕೂತರೆ ಉತ್ತರ ಸಿಗುತ್ತದೆ. ಬಾಗಲಕೋಟೆ, ಗದಗ, ವಿಜಯಪುರ, ರಾಯಚೂರು ಕಡೆಯ ಜನ, ಗಂಟುಮೂಟೆ, ಮಕ್ಕಳು, ರೊಟ್ಟಿ ಬುತ್ತಿ. ಗೋವೆಯ ಮಳೆ ಗೋಡೆಗಳನ್ನು ಪಾಚಿ ಹಿಡಿಸಿ ಕಪ್ಪು ಮಾಡುತ್ತದೆ. ಮಳೆ ನಿಂತ ಮೇಲೆ, ಕ್ರಿಸ್‌ಮಸ್ಸಿಗೆ ಮುಂಚೆ, ಮತ್ತೆ ಬಣ್ಣ ಬಳಿಸಬೇಕು. ಏಣಿ ಹತ್ತಿ ಕೆರೆದು ಬಳಿಯುವವರ ಮಾತು ಕಿವಿಗೆ ಬಿದ್ದರೆ ಅದು ಎಷ್ಟೋ ಸಲ ಕನ್ನಡವೇ ಆಗಿರುತ್ತದೆ. ಫೋಟೋಗ್ರಾಫರುಗಳು ಬರುವುದು ಬಣ್ಣ ಒಣಗಿದ ಮೇಲೆ. ಏಣಿ ಇದ್ದರೆ ಚೌಕಟ್ಟು ಕೆಡುತ್ತದೆ.

ನಾನು ಗೆಳೆಯರ ಜೊತೆ ಒಂದು ಸಲ ಅಲ್ಲಿಗೆ ಹೋದೆ. ಅವರೇ ಕರೆದರು. ‘ನೀವು ಬರೀ ಬೈತೀರಿ, ಬಂದು ನೋಡಿ’ ಅಂದರು. ಸರಿ ಅನ್ನಿಸಿತು. ಬೆಳಿಗ್ಗೆ ಆರೂವರೆಗೆ ಓಣಿಗಳಲ್ಲಿ ನಡೆಯತೊಡಗಿದೆವು. ನಡೆಯುವುದು ಅಂದರೆ ಎಲ್ಲಿಗೂ ಅಲ್ಲದ ನಡಿಗೆ. ಅಲ್ಲಿ ನಿಲ್ಲುವುದು, ಇಲ್ಲಿ ತಿರುಗುವುದು, ಒಂದು ಕಿಟಕಿ ತೆರೆಯಲಿ ಅಂತ ಹತ್ತು ನಿಮಿಷ ಕಾಯುವುದು. ಗೆಳೆಯರಿಗೆ ಇದು ಧ್ಯಾನ. ನನಗೆ ಬೆನ್ನಲ್ಲಿ ಮುಳ್ಳು. ಕಾರಣವಿಲ್ಲದೆ ಇನ್ನೊಬ್ಬರ ಬೀದಿಯಲ್ಲಿ ನಿಂತು ಅಭ್ಯಾಸವಿಲ್ಲ. ನಮ್ಮ ಹಳ್ಳಿಯಲ್ಲಿ ಮೇಲಿನ ಬೀದಿಗೆ ಹೋದರೆ ಒಂದು ಕೆಲಸ ಇರಲೇಬೇಕಿತ್ತು. ಸತ್ತ ಸುದ್ದಿ ಹೇಳುವುದೋ, ಸೌದೆ ಸೀಳುವುದೋ, ಉಳಿದದ್ದು ತರುವುದೋ. ಸುಮ್ಮನೆ ನಿಂತರೆ ‘ಯಾಕ್ಲಾ ಇಲ್ಲಿ?’ ಅನ್ನುವ ದನಿ ಬರುತ್ತಿತ್ತು. ಆ ದನಿ ಈಗ ಊರಲ್ಲಿಲ್ಲ ಅಂದುಕೊಳ್ಳೋಣ. ನನ್ನ ಕಾಲುಗಳ ಒಳಗೆ ಇದೆ.

ಅಲೆದಾಟದ ಸುಖದ ಬಗ್ಗೆ ಯುರೋಪಿನವರು ಬಹಳ ಬರೆದಿದ್ದಾರೆ. ಬೋದಿಲೇರನ ಪ್ಯಾರಿಸ್ಸು, ಅವನ ಬಗ್ಗೆ ಬರೆದ ವಾಲ್ಟರ್ ಬೆಂಜಮಿನ್, ಇವರೆಲ್ಲ ನಮ್ಮ ವಿಚಾರ ಸಂಕಿರಣಗಳಿಗೂ ಬಂದು ಹೋಗಿದ್ದಾರೆ. ನಗರದ ಜನಜಂಗುಳಿಯಲ್ಲಿ ಗುರಿಯಿಲ್ಲದೆ ತಿರುಗುವವನೇ ಆಧುನಿಕ ಮನುಷ್ಯ ಎಂಬ ಮಾತು ಕೇಳಲು ಚೆನ್ನಾಗಿದೆ. ಅದೇ ಹತ್ತೊಂಬತ್ತನೇ ಶತಮಾನದಲ್ಲಿ, 1871ರಲ್ಲಿ, ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಅಲೆಯುವ ಹಲವು ಸಮುದಾಯಗಳು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಯಾದವು. ಪೊಲೀಸರ ಮುಂದೆ ಹಾಜರಿ ಹಾಕಬೇಕು, ಬೇರೆ ಊರಿಗೆ ಹೋಗಲು ಚೀಟಿ ಬೇಕು. ಈ ಹಣೆಪಟ್ಟಿ ಅಧಿಕೃತವಾಗಿ ಹೋದದ್ದು 1952ರಲ್ಲಿ. ಅಲ್ಲಿ ಅಲೆದವನು ಕವಿಯಾದ, ಇಲ್ಲಿ ಅಲೆದವನು ಆರೋಪಿಯಾದ. ಅಲೆಮಾರಿ ಎಂಬ ಒಂದೇ ಕನ್ನಡ ಪದವನ್ನು ಇವತ್ತು ಇಬ್ಬರೂ ಹಂಚಿಕೊಂಡಿದ್ದಾರೆ. ಕ್ಯಾಮೆರಾ ತೂಗುಹಾಕಿಕೊಂಡವನು ತನ್ನ ಅಂಕಣಕ್ಕೆ ಆ ಹೆಸರಿಡುತ್ತಾನೆ. ಟೆಂಟಿನಲ್ಲಿರುವವನು ಅದೇ ಹೆಸರಿನಲ್ಲಿ ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ.

ಬೀದಿ ಫೋಟೋಗ್ರಫಿಯ ದೊಡ್ಡ ಗುರು ಎಂದು ಎಲ್ಲರೂ ಒಪ್ಪುವ ಹೆಸರು ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸಾಂ. ಅವನ 1952ರ ಪುಸ್ತಕ ಇಂಗ್ಲಿಷಿನಲ್ಲಿ ‘ನಿರ್ಣಾಯಕ ಕ್ಷಣ’ ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾಯಿತು. ನಮ್ಮಲ್ಲಿ ಫೋಟೋ ಕಲಿತವರೆಲ್ಲ ಆ ‘ಕ್ಷಣ’ದ ಜಪ ಮಾಡುತ್ತಾರೆ. ಮೂಲ ಫ್ರೆಂಚ್ ಹೆಸರು ‘ಇಮಾಜ್ ಆ ಲಾ ಸೊವೆತ್’. ‘ಆ ಲಾ ಸೊವೆತ್’ ಅಂದರೆ ಅವಸರದಲ್ಲಿ, ಕದ್ದುಮುಚ್ಚಿ. ಪರವಾನಗಿ ಇಲ್ಲದೆ ಬೀದಿಯಲ್ಲಿ ಸಾಮಾನು ಹರಡಿಕೊಂಡು, ಪೊಲೀಸರು ಬಂದ ಕೂಡಲೇ ಗಂಟು ಕಟ್ಟಿ ಓಡುವ ಸಣ್ಣ ವ್ಯಾಪಾರಿಗಳ ವ್ಯಾಪಾರಕ್ಕೆ ಫ್ರೆಂಚರು ಬಳಸುವ ಮಾತು ಅದು. ಇದು ನನಗೆ ಗೊತ್ತಾದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಫೋಟೋಗ್ರಾಫರನು ತನ್ನ ಕಲೆಗೆ ಹೆಸರು ತಂದದ್ದು ಬೀದಿ ವ್ಯಾಪಾರಿಯ ಬದುಕಿನಿಂದ. ಇಂಗ್ಲಿಷಿಗೆ ಬರುವಾಗ ವ್ಯಾಪಾರಿ ಬಿದ್ದುಹೋದ, ‘ಕ್ಷಣ’ ಉಳಿಯಿತು.

ಗೋವೆಯ ಕಡಲತೀರದಲ್ಲಿ ಗಂಟು ಕಟ್ಟಿ ಓಡುವವರು ಯಾರು ಅಂತ ನಮಗೆ ಗೊತ್ತು. ಕಲಂಗುಟ್, ಬಾಗಾ, ಅಂಜುನಾಗಳಲ್ಲಿ ಮಣಿಸರ, ಕನ್ನಡಿ ಹೊಲಿದ ಬಟ್ಟೆ ಮಾರುವ ಲಂಬಾಣಿ ಹೆಂಗಸರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗೋವೆಯ ಪಟ್ಟಿಯಲ್ಲಿ ಅವರಿಲ್ಲ. ಗಡಿ ದಾಟಿದರೆ ಜಾತಿ ಉಳಿಯುತ್ತದೆ, ಹಕ್ಕು ಹೋಗುತ್ತದೆ. (ಲಂಬಾಣಿಗಳನ್ನು ‘ಸ್ಪೃಶ್ಯರು’ ಎಂದು ಬೇರೆ ನಿಲ್ಲಿಸುವ ವಾದ ನಮ್ಮೊಳಗೇ ಇದೆ, ಒಳಮೀಸಲಾತಿಯ ಪ್ರಶ್ನೆಯಲ್ಲಿ ನಾನು ಮಾದಿಗರ ಬೇಡಿಕೆಯ ಪರ. ಆದರೆ ಆ ಲೆಕ್ಕವನ್ನು ಅಂಜುನಾದ ಮರಳಿನ ಮೇಲೆ ತಂದು ಚುಕ್ತಾ ಮಾಡಲಾಗದು.) ಪ್ರವಾಸಿ ತಾಣಗಳ ರಕ್ಷಣೆಗೆಂದು ಗೋವಾ ಸರ್ಕಾರ 2001ರಲ್ಲಿ ಒಂದು ಕಾಯ್ದೆ ಮಾಡಿತು. ಅದರಲ್ಲಿ ಇವರ ವ್ಯಾಪಾರ ‘ಉಪದ್ರವ’. ಆದರೆ ಇದೇ ಹೆಂಗಸು ಪಣಜಿಯ ನೀಲಿ ಗೋಡೆಯ ಮುಂದೆ ಹಾದುಹೋದರೆ ಅವಳ ಕನ್ನಡಿ ರವಿಕೆ ಫೋಟೋಗ್ರಾಫರನಿಗೆ ಸಿಕ್ಕ ಅದೃಷ್ಟ. ಮಾರಲು ಬಂದರೆ ಉಪದ್ರವ, ಸುಮ್ಮನೆ ಹಾದುಹೋದರೆ ಸೌಂದರ್ಯ.

ಗೋಡೆಯವರ ಮಾತಿಗೆ ಬೆಲೆ ಇದೆ, ಅದನ್ನೂ ಹೇಳಬೇಕು. ಫೊಂತೈನ್ಯಾಸಿನ ನಿವಾಸಿಗಳು ಪ್ರವಾಸಿಗಳ ಕ್ಯಾಮೆರಾ ಕಾಟದಿಂದ ಬೇಸತ್ತು ಬೋರ್ಡು ಹಾಕಿದ್ದಾರೆ. ಅವರ ಬೇಸರ ನ್ಯಾಯವಾದದ್ದೇ. ಮದುವೆಗೆ ಮುಂಚಿನ ಫೋಟೋ ಅಂತ ಬಂದ ಜೋಡಿಗಳು ಹೊಸ್ತಿಲ ಮೇಲೆ ಕಾಲು ಚಾಚಿ ಕೂತರೆ ಯಾರಿಗೆ ತಾನೇ ಸಹನೆ ಇರುತ್ತದೆ? 2019ರಲ್ಲಿ ಪರ್ರಾ ಎಂಬ ಹಳ್ಳಿಯ ಪಂಚಾಯಿತಿ ತೆಂಗಿನಮರಗಳ ನಡುವಿನ ತನ್ನ ರಸ್ತೆಯ ಫೋಟೋ ತೆಗೆಯುವುದಕ್ಕೆ ಶುಲ್ಕ ಹಾಕಿ ಸುದ್ದಿಯಾಯಿತು. ಗದ್ದಲವೆದ್ದ ಮೇಲೆ ಕೈಬಿಟ್ಟಿತು. ಅಂದರೆ ಗೋಡೆಗೆ ವಾರಸುದಾರರು ಇದ್ದಾರೆ, ರಸ್ತೆಗೂ ಇದ್ದಾರೆ, ತೆಂಗಿನಮರಕ್ಕೂ ಇದ್ದಾರೆ. ಪೊರಕೆ ಹಿಡಿದ ಹೆಂಗಸಿನ ಪರವಾಗಿ ಬೋರ್ಡು ಹಾಕುವವರು ಯಾರು?

ಬಣ್ಣದ ಹಳೆಯ ವಸಾಹತು ನಗರಗಳು ಗೋವೆಯಲ್ಲಿ ಮಾತ್ರ ಇಲ್ಲ. ಬ್ರೆಜಿಲಿನ ಸಾಲ್ವದೋರಿನ ಹಳೆಯ ಪಟ್ಟಣ, ಅಲ್ಲಿನ ಗುಲಾಬಿ, ನೀಲಿ ಮನೆಗಳು, ಫೋಟೋಗ್ರಾಫರುಗಳ ತೀರ್ಥಕ್ಷೇತ್ರ. 1985ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆ ಭಾಗಕ್ಕೆ ಪೆಲೊರಿನ್ಯೊ ಎಂದು ಹೆಸರು. ಹಾಗೆಂದರೆ ಕಟ್ಟಿಹಾಕಿ ಹೊಡೆಯುವ ಕಂಬ. ಆಫ್ರಿಕಾದಿಂದ ತಂದ ಗುಲಾಮರನ್ನು ಅಲ್ಲಿ ಕಟ್ಟಿ ಹೊಡೆಯುತ್ತಿದ್ದರು. 1990ರ ದಶಕದಲ್ಲಿ ಮನೆಗಳಿಗೆ ಬಣ್ಣ ಬಳಿದು ದುರಸ್ತಿ ಮಾಡುವಾಗ ಅಲ್ಲಿ ವಾಸವಿದ್ದ ಬಡ ಕಪ್ಪು ಜನರನ್ನು ಸಾವಿರಗಟ್ಟಲೆ ಹೊರಗೆ ಕಳಿಸಲಾಯಿತು. ಹಳೆಯ ಗೋವೆಯಲ್ಲೂ ಅದೇ ಪೋರ್ಚುಗೀಸರ ಅಂಥದೇ ಒಂದು ಕಂಬ ರಸ್ತೆ ಬದಿಯಲ್ಲಿ ಇವತ್ತಿಗೂ ನಿಂತಿದೆ. ಇಗರ್ಜಿಗಳನ್ನು ತೆಗೆಯುವ ಅವಸರದಲ್ಲಿ ಅದರ ಫೋಟೋ ತೆಗೆದವರನ್ನು ನಾನು ಕಾಣೆ. ಕೊಲಂಬಿಯಾದ ಕಾರ್ತಹೇನಾದ ಕತೆ ಇನ್ನೊಂದು ತರಹ. ಅಲ್ಲಿ ಬಣ್ಣದ ಲಂಗ ಉಟ್ಟು ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತ ಕಪ್ಪು ಹೆಂಗಸರು, ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕಟ್ಟಿದ ಸಾನ್ ಬಸೀಲಿಯೊ ದೆ ಪಲೆಂಕೆ ಎಂಬ ಊರಿನ ಕುಲದವರು. ಹಣ್ಣು ಮಾರುವವರು ಈಗ ಫೋಟೋಕ್ಕೆ ನಿಂತು ದುಡ್ಡು ಕೇಳುತ್ತಾರೆ. ಪ್ರವಾಸಿಗಳಿಗೆ ಇದು ‘ನಾಟಕ’, ‘ಸಹಜತೆ ಹೋಯಿತು’. ನನಗೆ ಇದರಲ್ಲಿ ಏನೂ ಕೆಟ್ಟದ್ದು ಕಾಣುವುದಿಲ್ಲ. ನಿಂತರೆ ಕೆಲಸ, ಕೆಲಸಕ್ಕೆ ಕೂಲಿ. ಬಿಟ್ಟಿ ಚಾಕರಿಯ ಚರಿತ್ರೆ ಇದ್ದವರಿಗೆ ಈ ವ್ಯವಹಾರ ಬೇಗ ಅರ್ಥವಾಗುತ್ತದೆ.

ಬಣ್ಣದ ಪರವಾಗಿ ನಮ್ಮ ದೇಶದಲ್ಲಿ ಗಟ್ಟಿಯಾಗಿ ಮಾತಾಡಿದವರು ರಘುಬೀರ್ ಸಿಂಗ್. ಅವರ ಕೊನೆಯ ದೊಡ್ಡ ಪುಸ್ತಕ ‘ರಿವರ್ ಆಫ್ ಕಲರ್’ ಬಂದದ್ದು 1998ರಲ್ಲಿ. ಕಪ್ಪುಬಿಳುಪು ಪಶ್ಚಿಮದ ಮನಸ್ಸಿನದು, ಭಾರತ ಬಣ್ಣದಲ್ಲೇ ಯೋಚಿಸುತ್ತದೆ ಎಂಬುದು ಅವರ ವಾದ. ವಸಾಹತುಶಾಹಿ ನೋಟಕ್ಕೆ ಇದು ಒಂದು ಒಳ್ಳೆಯ ಪೆಟ್ಟು. ಅವರ ಫೋಟೋಗಳಲ್ಲಿ ಜನ ತುಂಬಿದ ಬೀದಿಗಳಿವೆ, ಬಡವರೂ ಇದ್ದಾರೆ, ಗೌರವದಿಂದಲೇ ಇದ್ದಾರೆ. ಆದರೆ ‘ಭಾರತ’ ಬಣ್ಣದಲ್ಲಿ ಯೋಚಿಸುತ್ತದೆ ಅಂದಾಗ ಯಾವ ಭಾರತ? ಯಾರಿಗೆ ಯಾವ ಬಣ್ಣದ ಸೀರೆ, ಎಷ್ಟು ಅಂಚು, ಯಾವ ಲೋಹದ ಒಡವೆ ಎಂದು ಗೊತ್ತುಮಾಡಿದ್ದ ದೇಶದಲ್ಲಿ ಬಣ್ಣ ಹಬ್ಬವಷ್ಟೇ ಅಲ್ಲ, ಅಪ್ಪಣೆಯೂ ಹೌದು. ರಘುಬೀರ್ ಸಿಂಗ್ ಹಬ್ಬವನ್ನು ಕಂಡರು.

ಇಲ್ಲಿ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. ಅವರು ಬಣ್ಣ ಹಿಡಿದುಕೊಂಡರೆ ನಾವು ಕಪ್ಪುಬಿಳುಪು ಹಿಡಿದುಕೊಂಡೆವು. ದಲಿತ ವಿಶೇಷಾಂಕ ಅಂದರೆ ಮುಖಪುಟದಲ್ಲಿ ಒಡೆದ ಹಿಮ್ಮಡಿ, ಬಾಗಿದ ಬೆನ್ನು, ಸುಕ್ಕುಗಟ್ಟಿದ ಅಜ್ಜಿಯ ಮುಖ. ನಾನೇ ಒಂದು ಪುಸ್ತಿಕೆಗೆ ಅಂಥ ಒಂದು ಮುಖವನ್ನು ಹಾಕಿಸಿದ್ದೆ. ಯಾರು ಆ ಅಜ್ಜಿ, ಯಾವ ಊರು, ಬದುಕಿದ್ದಾಳೋ ಇಲ್ಲವೋ, ಯಾವುದೂ ಗೊತ್ತಿರಲಿಲ್ಲ. ಹೋರಾಟಕ್ಕೆ ತಾನೆ ಅಂದುಕೊಂಡೆ. ಗೆಳೆಯರ ‘ಹಳದಿ ಗೋಡೆ’ಯ ಚೀಟಿ ನೋಡಿದ ದಿನ ನನ್ನ ಪುಸ್ತಿಕೆಯನ್ನೂ ತೆಗೆದು ನೋಡಿದೆ. ಅದರಲ್ಲಿ ಚೀಟಿಯೂ ಇರಲಿಲ್ಲ. ಬ್ರಿಟಿಷರು 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂದು ಫೋಟೋ ಹಚ್ಚಿದ ಪುಸ್ತಕ ತಂದರು. ಅದರಲ್ಲಿ ಎಷ್ಟೋ ಮುಖಗಳ ಕೆಳಗೆ ಮನುಷ್ಯನ ಹೆಸರಿಲ್ಲ, ಜಾತಿಯ ಹೆಸರಿದೆ. ಅವರು ಜಾತಿ ಬರೆದರು, ಗೆಳೆಯರು ಗೋಡೆ ಬರೆದರು, ನಾನು ಕ್ರಾಂತಿ ಅಂತ ಬರೆದೆ. ಹೆಸರು ಬರೆಯದಿರುವುದರಲ್ಲಿ ಮೂವರೂ ಒಂದೇ.

ಹಾಗಾದರೆ ಕೇಳಿಯೇ ತೆಗೆಯಬೇಕೇ? ಗೆಳೆಯರ ವಾದವನ್ನು ತಳ್ಳಿಹಾಕುವಂತಿಲ್ಲ. ‘ಕೇಳಿದ ಕೂಡಲೇ ಬೀದಿ ಸತ್ತುಹೋಗುತ್ತೆ, ಸ್ಟುಡಿಯೋ ಹುಟ್ಟುತ್ತೆ’ ಅಂತಾರೆ. ‘ಕೇಳದೆ ತೆಗೆದ ಫೋಟೋಗಳೇ ಎಷ್ಟೋ ಸಲ ನಿಮ್ಮ ಕಡೆಯ ಸಾಕ್ಷಿ ಆಗಿಲ್ಲವೇ?’ ಅಂತಲೂ ಕೇಳಿದರು. ಆಗಿವೆ. 1993ರಲ್ಲಿ ಮಲ ಹೊರುವುದನ್ನು ನಿಷೇಧಿಸಿ ಕಾನೂನು ಬಂದಾಗ, 2013ರಲ್ಲಿ ಮತ್ತೊಂದು ಬಂದಾಗ, ‘ನಮ್ಮ ಜಿಲ್ಲೆಯಲ್ಲಿ ಆ ಪದ್ಧತಿ ಇಲ್ಲವೇ ಇಲ್ಲ’ ಅನ್ನುವ ಅಧಿಕಾರಿಯ ಮೇಜಿನ ಮೇಲೆ ಇಡಲು ಫೋಟೋ ಬೇಕೇ ಬೇಕಿತ್ತು. ಸಾಕ್ಷಿಗೆ ತೆಗೆದ ಫೋಟೋದಲ್ಲಿ ಆ ಮನುಷ್ಯನಿಗೆ ಒಂದು ಪಾಲಿದೆ, ಅವನ ಕೇಸು ಅದು. ‘ಹಳದಿ ಗೋಡೆ’ ಯಾವ ಕೇಸಿನ ಸಾಕ್ಷಿ? ಈ ಪ್ರಶ್ನೆಗೆ ಗೆಳೆಯರು ನಕ್ಕರು. ನಗು ಉತ್ತರವಲ್ಲ ಅಂತ ಅವರಿಗೂ ಗೊತ್ತು.

ಅವರು ಸ್ಟುಡಿಯೋ ಅನ್ನುವುದನ್ನು ಬೈಗುಳದ ಹಾಗೆ ಹೇಳಿದರು. ನಾನು ಅಲ್ಲೇ ಸ್ವಲ್ಪ ನಿಲ್ಲಬೇಕು. ನಮ್ಮ ಕೇರಿಗಳಲ್ಲಿ ಫೋಟೋ ‘ತೆಗೆಯುವುದು’ ಎಂಬ ಮಾತು ಕಡಿಮೆ. ‘ತೆಗೆಸಿಕೊಳ್ಳುವುದು’ ಎಂಬುದೇ ಮಾತು. ಕನ್ನಡ ವ್ಯಾಕರಣ ಇಲ್ಲಿ ನಮ್ಮ ಪರವಾಗಿದೆ. ತೆಗೆಯುವವನು ಅವನು, ತೆಗೆಸುವವರು ನಾವು, ಕೊಳ್ಳುವವರೂ ನಾವು. ನನ್ನ ಅವ್ವನದು ಅಂತ ಉಳಿದಿರುವುದು ಒಂದೇ ಫೋಟೋ. ಸಂತೆಗೆ ಹೋದ ದಿನ ಪಟ್ಟಣದ ಸ್ಟುಡಿಯೋದಲ್ಲಿ ತೆಗೆಸಿಕೊಂಡದ್ದು. ಹಿಂದೆ ಬಣ್ಣದ ಪರದೆ, ಅದರಲ್ಲಿ ಮೆಟ್ಟಿಲು, ಕಾರಂಜಿ, ಬಂಗಲೆ. ಮುಂದೆ ಅವ್ವ, ಕುರ್ಚಿಯ ಮೇಲೆ, ಬಿಗಿದುಕೊಂಡು, ರೆಪ್ಪೆ ಬಡಿಯದೆ ನೇರ ನೋಡುತ್ತಿದ್ದಾಳೆ. ಕುರ್ಚಿಯ ಮೇಲೆ ಅವಳು ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಫೋಟೋ ಬಲ್ಲವರು ಇದನ್ನು ಕೃತಕ ಅನ್ನುತ್ತಾರೆ. ಸಹಜ ಅಂದರೆ ಯಾವುದು? ಗೌಡರ ಹಟ್ಟಿಯಲ್ಲಿ ಸಗಣಿ ಬಾಚುವಾಗ ಕದ್ದು ತೆಗೆದಿದ್ದರೆ ಅದು ಸಹಜವಾಗುತ್ತಿತ್ತೇ?

ಅಂಬೇಡ್ಕರ್ ಅವರ ಫೋಟೋಗಳನ್ನು ನೆನೆಸಿಕೊಳ್ಳಿ. ಸೂಟು, ಟೈ, ಕನ್ನಡಕ, ಪುಸ್ತಕ, ಬಹುಪಾಲು ನೇರ ನೋಟ. ಗಾಂಧಿಯವರು ಅರೆಬೆತ್ತಲೆಯಾಗಿ ಎಲ್ಲಿ ನಡೆದರೂ ಕ್ಯಾಮೆರಾಕ್ಕೆ ಸಿಗುತ್ತಿದ್ದರು, ಅವರಿಗೆ ಅದು ಸಲ್ಲುತ್ತಿತ್ತು. ಬಟ್ಟೆ ಬಿಡುವುದು ತ್ಯಾಗವಾಗಬೇಕಾದರೆ ಮೊದಲು ಬಟ್ಟೆ ಇರಬೇಕು. ಬಾಬಾಸಾಹೇಬರು ತಾವು ಹೇಗೆ ಕಾಣಬೇಕೆಂದು ತಾವೇ ತೀರ್ಮಾನಿಸಿದರು. ಗುಡಿಸಲ ಗೋಡೆಯ ಮೇಲಿನ ಆ ನೀಲಿ ಸೂಟಿನ ಚಿತ್ರವನ್ನು ಕ್ಯಾಲೆಂಡರ್ ಕಲೆ ಎಂದು ಹಗುರ ಮಾಡಿದ ವಿಮರ್ಶೆಗೆ ಈ ತೀರ್ಮಾನದ ತೂಕ ಗೊತ್ತಾಗಲಿಲ್ಲ.

ಬೀದಿಯನ್ನು ಬಿಟ್ಟು ನಾವು ಸ್ಟುಡಿಯೋದೊಳಗೆ ಕೂತುಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಬೀದಿ ನಮ್ಮದೂ ಹೌದು. ವೈಕಂನಲ್ಲಿ 1924-25ರಲ್ಲಿ ಜನ ಪೆಟ್ಟು ತಿಂದದ್ದು ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ. ಬೀದಿಯಲ್ಲಿ ಕ್ಯಾಮೆರಾ ಹಿಡಿದ ನಮ್ಮವರೂ ಇದ್ದಾರೆ. ಮುಂಬಯಿಯ ಸುಧಾರಕ್ ಓಲ್ವೆ ಪಾಲಿಕೆಯ ಸಫಾಯಿ ಕಾರ್ಮಿಕರ ಜೊತೆ ವರ್ಷಗಟ್ಟಲೆ ತಿರುಗಿ ಅವರ ಕೆಲಸವನ್ನೂ ಮನೆಯನ್ನೂ ತೆಗೆದರು. ಕಸದ ಗುಂಡಿಯಲ್ಲಿ ಕಂಡವನೇ ಇನ್ನೊಂದರಲ್ಲಿ ಮನೆಯಲ್ಲಿದ್ದಾನೆ. ಮದುರೆ ಕಡೆಯ ಪಳನಿ ಕುಮಾರ್, 2017ರ ‘ಕಕ್ಕೂಸ್’ ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದವರು, ಗುಂಡಿಗಳಲ್ಲಿ ಸತ್ತವರ ಮನೆಗಳಿಗೆ ಹೋದರು. ಅವರು ಬೀದಿಯಲ್ಲಿ ಮೀನು ಮಾರುವ ತಮ್ಮ ತಾಯಿಯನ್ನೂ ತೆಗೆದಿದ್ದಾರೆ. ಅಲ್ಲೂ ನಸುಕಿನ ಹೊತ್ತಿದೆ, ದೀಪದ ಬೆಳಕಿದೆ, ನೆರಳಿದೆ. ಚೆಂದವೂ ಇದೆ. ಆದರೆ ಆ ಹೆಂಗಸು ಎಷ್ಟು ಹೊತ್ತಿಗೆ ಎದ್ದಳು, ಏನು ಉಂಡಳು ಅಂತ ತೆಗೆದವನಿಗೆ ಗೊತ್ತು. ಕ್ಯಾಮೆರಾದ ಸಾಲ ಹೇಗೆ ತೀರಿತು ಅಂತ ಅವಳಿಗೂ ಗೊತ್ತು. ಈ ಎರಡು ಗೊತ್ತಿರುವಿಕೆ ಫೋಟೋದಲ್ಲಿ ಎಲ್ಲಿ ಕಾಣುತ್ತದೆ ಎಂದು ಬೆರಳಿಟ್ಟು ತೋರಿಸಲು ನನಗೆ ಆಗುವುದಿಲ್ಲ. ದಲಿತ ವಿಮರ್ಶೆ ಇನ್ನೂ ಕಲಿಯಬೇಕಾದ ಕೆಲಸ ಅದು. ಸಾಹಿತ್ಯ ಓದುವುದನ್ನು ಕಲಿತೆವು, ಫೋಟೋ ಓದುವುದನ್ನು ಅವರಿಗೇ ಬಿಟ್ಟುಬಿಟ್ಟೆವು.

ಫೊಂತೈನ್ಯಾಸಿನ ಆ ಬೆಳಗಿನ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ಏಳರ ಸುಮಾರಿಗೆ ಅದೇ ಹಳದಿ ಗೋಡೆಯ ಹತ್ತಿರ ಬಂದೆವು. ಕಸ ಹೊಡೆಯುತ್ತಿದ್ದವಳು ಅದೇ ಹೆಂಗಸೋ ಬೇರೆಯೋ, ಗೆಳೆಯರಿಗೇ ಖಾತ್ರಿ ಇರಲಿಲ್ಲ. ಅವರು ಕ್ಯಾಮೆರಾ ಎತ್ತಿದರು. ನಾನು ಏನೋ ಅಂದೆ. ಕನ್ನಡ ಕೇಳಿದ್ದೇ ಅವಳು ತಿರುಗಿದಳು.

‘ಯಾವೂರ್ರೀ ಅಣ್ಣಾರ?’

ಹೇಳಿದೆವು. ಅವಳು ಬದಾಮಿ ಕಡೆಯವಳು. ಬಂದು ಹದಿನಾಲ್ಕು ವರ್ಷವಾಗಿತ್ತು. ಗೆಳೆಯರು ಈ ಸಲ ಕೇಳಿದರು, ‘ಒಂದು ಫೋಟೋ ತೆಗೀಲೇನು ಅಕ್ಕಾ?’

ಅವಳು ಪೊರಕೆ ನೋಡಿಕೊಂಡಳು, ಸೀರೆ ನೋಡಿಕೊಂಡಳು. ‘ಹಿಂಗ? ಬ್ಯಾಡ್ರೀ. ನಾ ಕಸಾ ಹೊಡ್ಯಾಕ ಬಂದೇನಿ, ಫೋಟೋ ಹೊಡಸ್ಕೊಳ್ಳಾಕ ಬಂದಿಲ್ಲ. ತಗಿಯೋದಿದ್ರ ಐತವಾರ ಬರ್ರಿ. ಇಳಕಲ್ ಸೀರಿ ಉಟ್ಕೊಂಡ್ ಬರ್ತೇನಿ. ಮಗಳೂ ಇರ್ತಾಳ.’

ಗೆಳೆಯರು ಕ್ಯಾಮೆರಾ ಇಳಿಸಿದರು. ನಾವು ಶನಿವಾರ ಹೊರಡುವವರಿದ್ದೆವು. ಬೆಳಕು ಅಷ್ಟರಲ್ಲಿ ಮೇಲೇರಿತ್ತು. ಆ ಓಣಿಗಳಲ್ಲಿರುವ ಸೇಂಟ್ ಸೆಬಾಸ್ಟಿಯನ್ ಚಾಪೆಲ್ಲಿನಲ್ಲಿ ಒಂದು ಹಳೆಯ ಶಿಲುಬೆ ಇದೆ, 1812ರಲ್ಲಿ ಕೊನೆಗೊಂಡ ಧರ್ಮವಿಚಾರಣೆಯ ನ್ಯಾಯಾಲಯದಲ್ಲಿ ಇದ್ದದ್ದಂತೆ. ಅದರ ಮೇಲಿನ ಕ್ರಿಸ್ತನಿಗೆ ತಲೆ ಬಾಗಿಲ್ಲ, ಕಣ್ಣು ತೆರೆದಿದೆ. ವಿಚಾರಣೆಗೆ ನಿಂತವರು ಹೆದರಲಿ ಅಂತ ಹಾಗೆ ಮಾಡಿದರು ಎಂದು ಹೇಳುತ್ತಾರೆ. ಅದನ್ನು ನೋಡಿ ಚಹಾ ಕುಡಿದು ವಾಪಸು ಬಂದೆವು. ದಾರಿಯಲ್ಲಿ ಗೆಳೆಯರು ಹೆಚ್ಚು ಮಾತಾಡಲಿಲ್ಲ.

ಸೋಮವಾರದವರೆಗೆ ಉಳಿಯೋಣ ಎಂದು ಹೇಳಿದ್ದು ಅವರೇ. ಐತವಾರ ಹತ್ತು ಗಂಟೆಗೆ ಅವಳು ಬಂದಳು. ಇಳಕಲ್ ಸೀರೆ, ತಲೆ ತುಂಬ ಎಣ್ಣೆ, ಜೊತೆಗೆ ಕಾಲೇಜಿಗೆ ಹೋಗುವ ಮಗಳು. ಬೆಳಕು ಚಪ್ಪಟೆಯಾಗಿತ್ತು. ಗೆಳೆಯರು ಹಳದಿ ಗೋಡೆಯ ಕಡೆ ಕೈ ತೋರಿಸಿದರು. ‘ಆ ಗ್ವಾಡಿ ಬ್ಯಾಡ್ರಿ, ಅದು ಅವರದು’ ಅಂದು ಹಳ್ಳದ ಬದಿಯ ಕಟ್ಟೆಯ ಹತ್ತಿರ ಹೋಗಿ ನಿಂತಳು. ಮಗಳು ಅವಳ ಸೆರಗು ಸರಿಮಾಡಿದಳು. ಇಬ್ಬರೂ ಬಿಗಿದುಕೊಂಡು ನೇರ ನೋಡಿದರು. ಗೆಳೆಯರು ನಾಲ್ಕು ಫೋಟೋ ತೆಗೆದರು. ಮಗಳು ಎಲ್ಲವನ್ನೂ ನೋಡಿ ಎರಡನ್ನು ಅಳಿಸಿ ಅಂದಳು. ಅಳಿಸಿದರು.

ಆ ಫೋಟೋವನ್ನು ಅವರು ಯಾವ ಪ್ರದರ್ಶನದಲ್ಲೂ ಇಟ್ಟಿಲ್ಲ. ಇಡಬಹುದೇ ಎಂದು ಕೇಳಿಲ್ಲ, ಅದಕ್ಕೆ ಇಟ್ಟಿಲ್ಲ. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಅವಳು ಕೊಟ್ಟ ಊರ ವಿಳಾಸಕ್ಕೆ ಕಳಿಸಿದರು. ತಿಂಗಳ ಮೇಲೆ ಫೋನು ಬಂತು. ಅವಳ ತಮ್ಮನದು. ಮನೆ ಕಟ್ಟಿಸಿದ್ದಾರೆ, ಪಡಸಾಲೆಗೆ ಹಾಕಿದ್ದಾರೆ. ಅಕ್ಕನ ಗಂಡನ ಮನೆಯವರೂ ಕೇಳುತ್ತಿದ್ದಾರೆ, ಇನ್ನೊಂದು ಕಾಪಿ ಬೇಕು, ದುಡ್ಡು ಎಷ್ಟಾಗುತ್ತದೆ ಹೇಳಿ ಅಂದ.